ಬುತ್ತಿ, ಉಪ್ಪಿಟ್ಟು, ಬಿಸಿಯೂಟ, ಬಾಕ್ಸು: ನಮ್ಮ ಮಕ್ಕಳ ಮಧ್ಯಾಹ್ನದ ಚರಿತ್ರೆ

ಪೋಸ್ಟು ಉದ್ದ ಇದೆ. ಎರಡು ಸಲ ಕೂತು ಓದಿದರೂ ಪರವಾಗಿಲ್ಲ, ಅರ್ಧಕ್ಕೆ ಬಿಡಬೇಡಿ.

ಈ ಜೂನ್‌ನಲ್ಲಿ ಮಗಳ ಶಾಲೆಯಿಂದ ಒಂದು ಚೀಟಿ ಬಂತು. ಶಾಲೆ ಹೆಸರು ಬೇಡ. ದೊಡ್ಡಬಳ್ಳಾಪುರದ ಸುತ್ತಮುತ್ತ ಇಂಥ ಇಂಗ್ಲಿಷ್ ಮೀಡಿಯಂ ಶಾಲೆಗಳು ಬೇಕಾದಷ್ಟಿವೆ, ಚೀಟಿಯೂ ಹೆಚ್ಚುಕಮ್ಮಿ ಒಂದೇ ಥರ ಇರುತ್ತೆ. ‘ಆರೋಗ್ಯಕರ ಹಾಗೂ ವೈವಿಧ್ಯಮಯ ಊಟದ ಡಬ್ಬಿ’ ಅಂತ ತಲೆಬರಹ. ಸೋಮವಾರ ಚಪಾತಿ ಪಲ್ಯ, ಮಂಗಳವಾರ ಇಡ್ಲಿ, ಬುಧವಾರ ತರಕಾರಿ ಪಲಾವ್, ಗುರುವಾರ ‘ಮಿಲೆಟ್ ಐಟಂ’, ಶುಕ್ರವಾರ ಮೊಳಕೆಕಾಳು, ಶನಿವಾರ ಹಣ್ಣು. ಕೆಳಗಡೆ ದಪ್ಪ ಅಕ್ಷರದಲ್ಲಿ, ಚಿಪ್ಸ್, ನೂಡಲ್ಸ್, ಮೊಟ್ಟೆ ಮತ್ತು ಮಾಂಸಾಹಾರ ತರುವಂತಿಲ್ಲ.

ಚಿಪ್ಸ್ ಬೇಡ ಅಂದ್ರೆ ಒಪ್ಪಿದೆ. ನೂಡಲ್ಸ್ ಬೇಡ ಅಂದ್ರೂ ಒಪ್ಪಿದೆ. ಆದರೆ ಮೊಟ್ಟೆ ಆ ಸಾಲಿಗೆ ಹೇಗೆ ಬಂತು? ಆರೋಗ್ಯದ ಹೆಸರಿನ ಪಟ್ಟಿಯೊಳಕ್ಕೆ ಜಾತಿ ಯಾವ ಬಾಗಿಲಿಂದ ಬಂದು ಕೂತ್ಕೊಳ್ತು? ಇದನ್ನ ಹುಡುಕುತ್ತಾ ಹೋದರೆ ನೂರು ವರ್ಷದ ಕಥೆ ಸಿಗುತ್ತೆ. ನಮ್ಮ ಮಕ್ಕಳು ಶಾಲೆಯಲ್ಲಿ ಮಧ್ಯಾಹ್ನ ಏನು ತಿಂದರು, ಎಲ್ಲಿ ಕೂತು ತಿಂದರು, ಯಾರ ಕೈಯಿಂದ ತಿಂದರು ಅನ್ನೋ ಕಥೆ. ಅದನ್ನ ಬರೆದಿಟ್ಟವರು ಕಡಿಮೆ. ನನಗೆ ಗೊತ್ತಿರೋಷ್ಟು ಬರೀತೀನಿ.

ಮೊದಲು ನಮ್ಮಜ್ಜಿ ಕಾಲ. ಆಗ ನಮ್ಮ ಕೇರಿಯಲ್ಲಿ ಮಧ್ಯಾಹ್ನದ ಊಟ ಅಂತ ಒಂದು ಊಟವೇ ಇರಲಿಲ್ಲ. ಬೆಳಿಗ್ಗೆ ತಂಗಳು, ರಾತ್ರಿ ಬಿಸಿ ಇಟ್ಟು. ನಡುವೆ ಹೊಲದ ಕೆಲಸ ಇದ್ದ ದಿನ ಹೊಲದವರು ಕೊಟ್ಟಿದ್ದು, ಇಲ್ಲದ ದಿನ ನೀರು. ಬುತ್ತಿ ಕಟ್ಟುತ್ತಿದ್ದದ್ದು ಗಂಡಸರು ದೂರದ ಕೂಲಿಗೆ ಹೋಗುವಾಗ ಮಾತ್ರ. ಮುದ್ದೆಯ ನಡುವೆ ಗುಳಿ ಮಾಡಿ, ಅದರೊಳಗೆ ಹುಚ್ಚೆಳ್ಳು ಚಟ್ನಿ ತುಂಬಿ, ಮುತ್ತುಗದ ಎಲೆ ಸುತ್ತಿ, ಬಟ್ಟೆಯಲ್ಲಿ ಗಂಟು ಹಾಕೋರು ಅಂತ ಅವ್ವ ಹೇಳೋಳು. ಮಕ್ಕಳಿಗೆ ಬುತ್ತಿ ಯಾಕೆ? ಮಕ್ಕಳು ಶಾಲೆಗೆ ಹೋದರೆ ತಾನೆ. ಗಂಡು ಹುಡುಗರು ದನ ಕಾಯೋಕೆ, ಹೆಣ್ಣುಮಕ್ಕಳು ತಮ್ಮ ತಂಗಿಯರನ್ನ ಎತ್ತಿಕೊಳ್ಳೋಕೆ. 1976ರಲ್ಲಿ ಜೀತ ನಿಷೇಧ ಕಾಯ್ದೆ ಬಂದ ಮೇಲೂ ನಮ್ಮ ಕಡೆ ಹಳ್ಳಿಗಳಲ್ಲಿ ಜೀತದ ಹುಡುಗರು ಇದ್ದೇ ಇದ್ದರು.

ಹೋದವರ ಕಥೆ ಬಾಬಾಸಾಹೇಬರೇ ಬರೆದಿಟ್ಟಿದ್ದಾರೆ. ಸಾತಾರಾದ ಶಾಲೆಯಲ್ಲಿ ಕೂರೋಕೆ ಮನೆಯಿಂದ ಗೋಣಿತಾಟು ತಗೊಂಡು ಹೋಗಬೇಕಿತ್ತು. ಬಾಯಾರಿದರೆ ನಲ್ಲಿ ಮುಟ್ಟುವಂತಿಲ್ಲ, ಜವಾನ ಬಂದು ತಿರುಗಿಸಬೇಕು. ಜವಾನ ಇಲ್ಲದ ದಿನ ನೀರೇ ಇಲ್ಲ. 1927ರ ಮಾರ್ಚ್ 20ಕ್ಕೆ ಮಹಾಡದ ಕೆರೆಯಲ್ಲಿ ನೀರು ಮುಟ್ಟಿದ್ದು ನಮಗೆಲ್ಲ ಗೊತ್ತು. ಆದರೆ ಅದಕ್ಕೂ ಎಷ್ಟೋ ಮುಂಚೆ ಒಂದು ಮಗು ಶಾಲೆಯ ನಲ್ಲಿ ಮುಂದೆ ಒಣಗಿದ ಬಾಯಲ್ಲಿ ನಿಂತಿತ್ತು ಅನ್ನೋದನ್ನ ಮರೀಬಾರದು.

ಶಾಲೆಯಲ್ಲಿ ಊಟ ಕೊಡಬೇಕು ಅನ್ನೋ ಯೋಚನೆ ಯಾವುದೋ ದೊಡ್ಡ ದೇಶದಿಂದ ಬಂದದ್ದು ಅಂದ್ಕೋಬೇಡಿ. 1920ರಲ್ಲಿ ಮದರಾಸು ಕಾರ್ಪೊರೇಷನ್, ಜಸ್ಟಿಸ್ ಪಕ್ಷದ ಪಿಟ್ಟಿ ತ್ಯಾಗರಾಯ ಚೆಟ್ಟಿಯವರು ಅಧ್ಯಕ್ಷರಾಗಿದ್ದಾಗ, ಥೌಸಂಡ್ ಲೈಟ್ಸ್ ಅನ್ನೋ ಬಡಾವಣೆಯ ಶಾಲೆಯಲ್ಲಿ ಮಕ್ಕಳಿಗೆ ತಿಂಡಿ ಕೊಡೋ ನಿರ್ಣಯ ಮಾಡ್ತು. ಒಂದು ಮಗುವಿಗೆ ದಿನಕ್ಕೆ ಒಂದಾಣೆ ಮೀರಬಾರದು ಅಂತ ಲೆಕ್ಕ. ಬ್ರಾಹ್ಮಣೇತರ ಚಳವಳಿಯ ಮನೆಯೊಳಗೆ ಹುಟ್ಟಿದ ಕೂಸು ಇದು. ಆ ಕಡೆ ಕೊಲ್ಹಾಪುರದಲ್ಲಿ ಶಾಹು ಮಹಾರಾಜರು 1908ರಲ್ಲೇ ಅಸ್ಪೃಶ್ಯ ಮಕ್ಕಳಿಗೆ ಮಿಸ್ ಕ್ಲಾರ್ಕ್ ಹೆಸರಿನ ಹಾಸ್ಟೆಲ್ ಮಾಡಿಸಿದ್ದರು. ಹಸಿದ ಹೊಟ್ಟೆಗೆ ಪಾಠ ಹತ್ತಲ್ಲ ಅಂತ ಕಂಡವರು ಹಸಿದವರ ಪಕ್ಕ ನಿಂತವರೇ.

ನಮ್ಮಲ್ಲಿ ಮಠಗಳೂ ಅನ್ನ ಹಾಕಿವೆ, ಇಲ್ಲ ಅನ್ನಲ್ಲ. ನೆಲಮಂಗಲ ದಾಟಿ ತುಮಕೂರು ಕಡೆ ಹೋದರೆ ಸಿದ್ಧಗಂಗೆ. ಅಲ್ಲಿ ಮುದ್ದೆ ಉಂಡು ಓದಿ ಮೇಲೆ ಬಂದ ನಮ್ಮ ಹುಡುಗರು ಎಷ್ಟೋ ಜನ ಇದ್ದಾರೆ. ಆ ಅನ್ನದ ಋಣ ಇದೆ. ಆದರೆ ಋಣ ಬೇರೆ, ಹಕ್ಕು ಬೇರೆ. ಈ ಮಾತು ಮುಂದೆ ಮತ್ತೆ ಬರುತ್ತೆ.

ಈಗ ಅವ್ವನ ಕಾಲಕ್ಕೆ ಬರೋಣ. 1960ರ ದಶಕದಲ್ಲಿ ನಮ್ಮ ಕಡೆ ಸರ್ಕಾರಿ ಶಾಲೆಗಳಿಗೆ ಉಪ್ಪಿಟ್ಟು ಬಂತು. ಹಳಬರು ಇವತ್ತಿಗೂ ‘ಅಮೆರಿಕಾ ಉಪ್ಪಿಟ್ಟು’, ‘ಕೇರ್ ಉಪ್ಪಿಟ್ಟು’ ಅಂತಾರೆ. ಕೇರ್ ಅನ್ನೋದು ಎರಡನೇ ಮಹಾಯುದ್ಧ ಮುಗಿದ 1945ರಲ್ಲಿ, ಹಾಳುಬಿದ್ದ ಯುರೋಪಿಗೆ ಆಹಾರದ ಪೊಟ್ಟಣ ಕಳಿಸೋಕೆ ಅಮೆರಿಕದಲ್ಲಿ ಹುಟ್ಟಿದ ಸಂಸ್ಥೆ. ಅಲ್ಲಿನ ರೈತರು ಬೆಳೆದು ಮಿಕ್ಕಿದ ಗೋಧಿ, ಮೆಕ್ಕೆಜೋಳ, ಹಾಲಿನ ಪುಡಿ ಹಡಗು ಹತ್ತಿ ಇಲ್ಲಿಗೆ ಬಂತು. ಮಿಕ್ಕಿದ್ದು ನಮಗೆ ಬರೋದು ಹೊಸದೇನಲ್ಲ ಬಿಡಿ.

ಅವ್ವ ಓದಿದ್ದು ನಾಲ್ಕನೇ ಕ್ಲಾಸು. ಅವಳಿಗೆ ಅಕ್ಷರಕ್ಕಿಂತ ಚೆನ್ನಾಗಿ ನೆನಪಿದ್ದದ್ದು ಆ ಹಳದಿ ಉಪ್ಪಿಟ್ಟಿನ ವಾಸನೆ. ಅರ್ಧ ತಿಂದು ಅರ್ಧ ಎಲೆಯಲ್ಲಿ ಕಟ್ಟಿ ಮನೆಯಲ್ಲಿದ್ದ ತಮ್ಮನಿಗೆ ತರೋಳಂತೆ. ಇನ್ನೊಂದು ನೆನಪೂ ಇತ್ತು. ಊರಿನ ಮಕ್ಕಳಿಗೆ ಶಾಲೆಯ ತಟ್ಟೆ, ಕೇರಿ ಮಕ್ಕಳು ಮನೆಯಿಂದ ಎಲೆ ತರಬೇಕು. ಊರಿನ ಮಕ್ಕಳು ಒಳಗೆ, ಕೇರಿ ಮಕ್ಕಳು ಜಗಲಿ ಅಂಚಿಗೆ. ಬಡಿಸೋರು ಸೌಟನ್ನ ಎಲೆಗೆ ತಾಗಿಸದೆ ಮೇಲಿಂದ ಬಿಡೋರು, ಬಿಸಿ ಉಪ್ಪಿಟ್ಟು ಕೈಮೇಲೆ ಬೀಳೋದು. ಅಮೆರಿಕದ ರವೆಗೆ ಇಲ್ಲದ ಜಾತಿ ಸೌಟಿಗೆ ಬಂದಾಗ ಬಂದುಬಿಡ್ತು. ಅವ್ವ ಇದನ್ನ ಸಿಟ್ಟಿನಿಂದ ಹೇಳ್ತಾ ಇರಲಿಲ್ಲ, ನಗ್ತಾ ಹೇಳೋಳು. ಅದೇ ನನಗೆ ತಡಕೊಳ್ಳೋಕೆ ಆಗ್ತಿರಲಿಲ್ಲ.

ನನ್ನ ಪಾಲಿಗೆ ಅದೂ ಇರಲಿಲ್ಲ. ನಾನು ಶಾಲೆಗೆ ಹೋಗೋ ಹೊತ್ತಿಗೆ ನಮ್ಮ ಶಾಲೆಯಲ್ಲಿ ಉಪ್ಪಿಟ್ಟು ನಿಂತಿತ್ತು, ಬಿಸಿಯೂಟ ಇನ್ನೂ ಬಂದಿರಲಿಲ್ಲ. ಒಂದು ಅಲ್ಯೂಮಿನಿಯಂ ಡಬ್ಬಿ, ಅದರಲ್ಲಿ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ. ಸೋಮವಾರ ಮಾತ್ರ ಭಾನುವಾರದ ಬಾಡಿನ ಎಸರು ಒಂಚೂರು. ಆ ದಿನ ನಾವು ಮೂರು ಜನ ಹುಡುಗೀರು ಬೇರೆ ಕೂತು, ಮುಚ್ಚಳ ಅರ್ಧ ತೆಗೆದು ಊಟ ಮಾಡ್ತಿದ್ವಿ. ಯಾರೂ ನಮಗೆ ಹಾಗೆ ಮಾಡಿ ಅಂತ ಹೇಳಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

1995ರ ಆಗಸ್ಟ್ 15ಕ್ಕೆ ಕೇಂದ್ರ ಸರ್ಕಾರ ಪ್ರಾಥಮಿಕ ಶಾಲೆ ಮಕ್ಕಳಿಗೆ ಪೌಷ್ಟಿಕ ಆಹಾರದ ಯೋಜನೆ ತಂತು. ನಮ್ಮ ಕಡೆ ಅದು ಬೇಯಿಸಿದ ಊಟವಾಗಿ ಬರಲಿಲ್ಲ, ಮೂಟೆಯಲ್ಲಿ ಬಂತು. ತಿಂಗಳಿಗೆ 3 ಕೆಜಿ ಧಾನ್ಯ, ಅದೂ 80 ಪರ್ಸೆಂಟ್ ಹಾಜರಾತಿ ಇದ್ದರೆ. ನನ್ನ ತಮ್ಮ ಆಗ ಮೂರನೇ ಕ್ಲಾಸು. ಬಟ್ಟೆ ಚೀಲದಲ್ಲಿ ಅಕ್ಕಿ ಹೊತ್ಕೊಂಡು ರಾಜನ ಥರ ಬರೋನು. ಆ ಮೂರು ಕೆಜಿ ನಮ್ಮನೆಯಲ್ಲಿ ಎರಡು ದಿನ ಬರ್ತಿತ್ತು. ತಿಂಗಳ ಉಳಿದ ದಿನ ಹುಡುಗ ಮಧ್ಯಾಹ್ನ ಖಾಲಿ ಹೊಟ್ಟೆ. ಕಾಗದದ ಮೇಲೆ ಮಾತ್ರ ದಿನಕ್ಕೆ ನೂರು ಗ್ರಾಂ.

ಇದನ್ನ ತಿರುಗಿಸಿದ್ದು ಕೋರ್ಟು. ಗೋದಾಮುಗಳಲ್ಲಿ ಧಾನ್ಯ ಕೊಳೀತಾ ಇರುವಾಗ ರಾಜಸ್ಥಾನದಲ್ಲಿ ಬರ, ಜನ ಹಸಿವಿನಲ್ಲಿ. 2001ರಲ್ಲಿ ಪಿಯುಸಿಎಲ್ ಸುಪ್ರೀಂ ಕೋರ್ಟಿಗೆ ಹೋಯ್ತು. ಅದೇ ವರ್ಷ ನವೆಂಬರ್ 28ಕ್ಕೆ ಬಂದ ಮಧ್ಯಂತರ ಆದೇಶ ನಮ್ಮ ಮಕ್ಕಳ ಪಾಲಿಗೆ ಬಹಳ ದೊಡ್ಡದು. ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಊಟವನ್ನೇ ಕೊಡಬೇಕು, ಕನಿಷ್ಠ 300 ಕ್ಯಾಲೊರಿ, 8ರಿಂದ 12 ಗ್ರಾಂ ಪ್ರೋಟೀನ್, ವರ್ಷಕ್ಕೆ ಕನಿಷ್ಠ 200 ದಿನ. ಅಲ್ಲಿಗೆ ಶಾಲೆಯ ಊಟ ಯಾರದೋ ದಯೆ ಅನ್ನೋದು ಹೋಗಿ ಮಗುವಿನ ಹಕ್ಕು ಆಯ್ತು.

ಕರ್ನಾಟಕದಲ್ಲಿ ಎಸ್.ಎಂ. ಕೃಷ್ಣ ಅವರ ಸರ್ಕಾರ ಇದ್ದಾಗ, 2002ರಲ್ಲಿ ಮೊದಲು ಉತ್ತರದ ಏಳು ಜಿಲ್ಲೆಗಳಲ್ಲಿ ಬಿಸಿಯೂಟ ಶುರುವಾಯ್ತು, ಮುಂದಿನ ವರ್ಷ ನಮ್ಮ ಕಡೆಗೂ ಬಂತು. ಹೆಸರು ಅಕ್ಷರ ದಾಸೋಹ. ಹನ್ನೆರಡನೇ ಶತಮಾನದ ಶರಣರ ಮಾತು. ಕಲ್ಯಾಣದಲ್ಲಿ ದಾಸೋಹ ಅಂದರೆ ಬರೀ ಅನ್ನ ಹಾಕೋದಲ್ಲ, ಯಾರ ಪಕ್ಕ ಯಾರು ಕೂರ್ತಾರೆ ಅನ್ನೋದೂ ದಾಸೋಹವೇ. ಹೆಸರಿಟ್ಟವರಿಗೆ ಅದು ನೆನಪಿತ್ತೋ ಇಲ್ಲವೋ, ಸುಪ್ರೀಂ ಕೋರ್ಟಿಗಂತೂ ನೆನಪಿತ್ತು. 2004ರ ಏಪ್ರಿಲ್ 20ರ ಆದೇಶದಲ್ಲಿ ಇನ್ನೊಂದು ಮಾತು ಸೇರಿಸ್ತು. ಅಡುಗೆಯವರು ಮತ್ತು ಸಹಾಯಕರ ನೇಮಕದಲ್ಲಿ ದಲಿತರು, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಆದ್ಯತೆ ಕೊಡಬೇಕು.

ಈ ಒಂದು ವಾಕ್ಯದ ಬೆಲೆ ನಮಗೆ ಗೊತ್ತು, ಬೇರೆಯವರಿಗೆ ಹೇಳಿದರೂ ಅರ್ಥ ಆಗೋದು ಕಷ್ಟ. ಅವ್ವನ ಕಾಲದಲ್ಲಿ ಮೇಲಿಂದ ಬಿದ್ದ ಉಪ್ಪಿಟ್ಟಿಗೆ ಅದು ಉತ್ತರ. ಸೌಟು ಈಗ ನಮ್ಮ ಕೈಗೆ ಬಂತು. ಬಂದ ಕೂಡಲೆ ಏನಾಯ್ತು? ಪಕ್ಕದ ಕೋಲಾರ ಜಿಲ್ಲೆಯ ಕಗ್ಗನಹಳ್ಳಿಯಲ್ಲಿ ದಲಿತ ಹೆಂಗಸು ಅಡುಗೆ ಮಾಡ್ತಾರೆ ಅಂತ ತಂದೆತಾಯಂದಿರು ಮಕ್ಕಳನ್ನ ಶಾಲೆಯಿಂದಲೇ ಬಿಡಿಸಿದ ಸುದ್ದಿ 2015ರಲ್ಲಿ ದೇಶವೆಲ್ಲ ಓದಿತು. ಹತ್ತು ವರ್ಷ ಬಿಟ್ಟು 2025ರ ಜೂನ್‌ನಲ್ಲಿ ಚಾಮರಾಜನಗರ ತಾಲ್ಲೂಕಿನ ಹೊಮ್ಮದಿಂದ ಅಂಥದೇ ಸುದ್ದಿ. ಒಬ್ಬೊಬ್ಬರೇ ಟಿಸಿ ತಗೊಂಡು ಹೋಗಿ ಶಾಲೆ ಬಹುತೇಕ ಖಾಲಿ. ಪಾಠ ಸರಿಯಿಲ್ಲ ಅಂತ ಕಾರಣ ಕೊಟ್ಟವರೂ ಇದ್ದರು. ಇರಬಹುದು. ಆದರೆ ಪಾಠ ಸರಿಯಿಲ್ಲದ ಶಾಲೆಗಳು ರಾಜ್ಯದಲ್ಲಿ ಎಷ್ಟಿಲ್ಲ, ಅಡುಗೆಯವರ ಜಾತಿ ಸುದ್ದಿಯಾದ ಕಡೆಯೇ ಯಾಕೆ ಹೀಗೆ ಖಾಲಿ ಆಗ್ತವೆ ಅಂತ ನನಗೂ ಪ್ರಶ್ನೆ ಇದೆ.

ಸೌಟಿನ ಜಗಳ ಹೀಗಾದರೆ, ಪಾತ್ರೆಯೊಳಗಿನ ಜಗಳ ಬೇರೆ. ಬೆಂಗಳೂರಿನ ಇಸ್ಕಾನ್‌ನಿಂದ 2000ದಲ್ಲಿ ಶುರುವಾದ ಅಕ್ಷಯ ಪಾತ್ರ ದೊಡ್ಡ ದೊಡ್ಡ ಅಡುಗೆಮನೆಗಳಲ್ಲಿ ಬೇಯಿಸಿ ವ್ಯಾನಿನಲ್ಲಿ ಶಾಲೆಗಳಿಗೆ ಕಳಿಸುತ್ತೆ. ಶುಚಿ, ಸಮಯ, ಲೆಕ್ಕ, ಇದರ ಬಗ್ಗೆ ನನ್ನದೇನೂ ತಕರಾರಿಲ್ಲ. ಆದರೆ ಅಲ್ಲಿ ಈರುಳ್ಳಿ ಬೆಳ್ಳುಳ್ಳಿ ಇಲ್ಲ. 2018ರಲ್ಲಿ ರಾಜ್ಯ ಸರ್ಕಾರ ಹಾಕಿ ಅಂದಾಗ, ನಮ್ಮದು ಸಾತ್ವಿಕ ಆಹಾರ ಅಂತ ಸಂಸ್ಥೆ ಒಪ್ಪಲಿಲ್ಲ. ಆಹಾರ ಹಕ್ಕಿನ ಹೋರಾಟಗಾರರು, ಮಕ್ಕಳಿಗೆ ರುಚಿ ಹತ್ತದೆ ಊಟ ಬಿಡ್ತಿದ್ದಾರೆ ಅಂತ ಪತ್ರ ಬರೆದರು. ಪೋಷಕಾಂಶದ ಲೆಕ್ಕದಲ್ಲಿ ಊಟ ಸರಿಯಿದೆ ಅಂತ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಮಾತೂ ಬಂತು. ಲೆಕ್ಕ ಸರಿ ಇರಬಹುದು ಸ್ವಾಮಿ. ಬೆಳ್ಳುಳ್ಳಿ ಒಗ್ಗರಣೆ ಇಲ್ಲದ ಸಾರನ್ನ ಇಟ್ಟು ತಿಂದು ಬೆಳೆದ ಮಗು ತಟ್ಟೆಯಲ್ಲೇ ಬಿಟ್ಟರೆ, ಆ ಲೆಕ್ಕದ ಪ್ರೋಟೀನು ಹೋಗೋದು ಕಸದ ಬುಟ್ಟಿಗೆ. ಸಾರ್ವಜನಿಕ ದುಡ್ಡು, ಸಾರ್ವಜನಿಕ ಅಕ್ಕಿ, ಆದರೆ ಪಥ್ಯ ಮಾತ್ರ ಒಂದು ಪಂಥದ್ದು. ನನ್ನ ತಕರಾರು ಇಷ್ಟೇ.

2013ರ ಆಗಸ್ಟ್‌ನಲ್ಲಿ ಕ್ಷೀರಭಾಗ್ಯ ಬಂತು, ಮಗುವಿಗೆ 150 ಎಂಎಲ್ ಹಾಲು. ಮೊದಲು ವಾರಕ್ಕೆ ಮೂರು ದಿನ, ಆಮೇಲೆ ಐದು. ಒಬ್ಬರೂ ಬೀದಿಗೆ ಇಳಿಯಲಿಲ್ಲ. ಒಳ್ಳೆಯದೇ, ಮಕ್ಕಳು ಹಾಲು ಕುಡೀಲಿ. ಹಾಲು ಒಕ್ಕೂಟದಲ್ಲಿ ಬಿದ್ದಿದ್ದ ಹಾಲಿನ ಪುಡಿಗೂ ಒಂದು ದಾರಿ ಆಯ್ತು.

ಮೊಟ್ಟೆ ಅಂದಾಗ ನೋಡಿ. 2021ರ ಡಿಸೆಂಬರ್‌ನಲ್ಲಿ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯಪುರ, ಈ ಏಳು ಜಿಲ್ಲೆಗಳಲ್ಲಿ ಬೇಯಿಸಿದ ಮೊಟ್ಟೆ ಕೊಡೋಕೆ ಶುರು ಮಾಡಿದರು. ಕೇಳಿದ ಕೂಡಲೆ ಕೆಲವು ಮಠಾಧೀಶರು ಎದ್ದರು. ತಿನ್ನದ ಮಗುವಿಗೆ ಬಾಳೆಹಣ್ಣು ಇತ್ತು, ಯಾರಿಗೂ ಬಲವಂತ ಇರಲಿಲ್ಲ. ಆದರೂ ಅವರ ವಾದ ಏನು ಗೊತ್ತಾ? ಒಂದು ಮಗುವಿಗೆ ಮೊಟ್ಟೆ, ಪಕ್ಕದ ಮಗುವಿಗೆ ಹಣ್ಣು ಕೊಟ್ಟರೆ ಮಕ್ಕಳಲ್ಲಿ ಭೇದ ಆಗುತ್ತಂತೆ! ನೂರಾರು ವರ್ಷ ಪಂಕ್ತಿ ಬೇರೆ ಮಾಡಿ ಊಟ ಹಾಕಿದ ನಾಡಿನಲ್ಲಿ ಪಂಕ್ತಿಭೇದದ ಚಿಂತೆ ಹುಟ್ಟಿದ್ದು ಕೊನೆಗೆ ಒಂದು ಮೊಟ್ಟೆ ನೋಡಿ.

ಆಗ ಗಂಗಾವತಿಯ ಒಬ್ಬ ಶಾಲಾ ಹುಡುಗಿ ಮಾತಾಡಿದ ವಿಡಿಯೊ ನೀವೆಲ್ಲ ನೋಡಿರ್ತೀರಿ. ನಮಗೆ ಮೊಟ್ಟೆ ಬೇಕು, ಕೊಡದಿದ್ದರೆ ಮಠಕ್ಕೇ ಬಂದು ತಿಂತೀವಿ ಅನ್ನೋ ಅರ್ಥದಲ್ಲಿ ಅವಳು ಹೇಳಿದಳು. ನಾವು ಇಪ್ಪತ್ತು ವರ್ಷ ಮನವಿ ಪತ್ರ ಟೈಪ್ ಮಾಡಿ ಮಾಡಿ ಹೇಳೋಕೆ ಆಗದ್ದನ್ನ ಆ ಮಗು ಒಂದು ನಿಮಿಷದಲ್ಲಿ ಹೇಳಿತು. ಮೊಟ್ಟೆ ಬೇಕಾ ಹಣ್ಣು ಬೇಕಾ ಅಂತ ಕೇಳಿದ ಕಡೆಯೆಲ್ಲ ಬಹುಪಾಲು ಮಕ್ಕಳು ಆರಿಸಿಕೊಂಡದ್ದು ಮೊಟ್ಟೆಯನ್ನೇ. ಗದಗದ ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯದವರು ಮೊಟ್ಟೆ ಕೊಟ್ಟ ಯಾದಗಿರಿಯ ಮಕ್ಕಳನ್ನೂ ಕೊಡದ ಗದಗದ ಮಕ್ಕಳನ್ನೂ ಹೋಲಿಸಿ ನೋಡಿದಾಗ, ಯಾದಗಿರಿಯ ಮಕ್ಕಳ ತೂಕ ಚೆನ್ನಾಗಿ ಏರಿತ್ತು. 2022ರಲ್ಲಿ ಯೋಜನೆ ಎಲ್ಲಾ ಜಿಲ್ಲೆಗೆ ಬಂತು, ನಮಗೂ ಸಿಕ್ಕಿತು. ಅದೇ ವರ್ಷ, ಹೊಸ ಶಿಕ್ಷಣ ನೀತಿಗೆ ರಾಜ್ಯದಿಂದ ತಯಾರಾದ ಒಂದು ನಿಲುವು ಪತ್ರದಲ್ಲಿ ಮೊಟ್ಟೆಯಿಂದ ಮಕ್ಕಳಿಗೆ ಜೀವನಶೈಲಿ ಕಾಯಿಲೆ ಬರಬಹುದು ಅಂತ ಬರೆದಿದ್ದರು. ಬರೆದವರಲ್ಲಿ ಓದಿದ ಡಾಕ್ಟರೂ ಇದ್ದರು. ಹಸಿದವರ ಮಕ್ಕಳಿಗೆ ಹೊಟ್ಟೆ ತುಂಬಿದವರ ಕಾಯಿಲೆ ಹೆದರಿಕೆ!

ಒಂಚೂರು ಲೆಕ್ಕ ಹಾಕೋಣ, ನಾನು ಗುಮಾಸ್ತೆ, ಲೆಕ್ಕ ಬಿಡಲ್ಲ. ಒಂದರಿಂದ ಐದನೇ ಕ್ಲಾಸಿನ ಮಗುವಿಗೆ ಬಿಸಿಯೂಟದಲ್ಲಿ ದಿನಕ್ಕೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. ಒಟ್ಟು 450 ಕ್ಯಾಲೊರಿ, 12 ಗ್ರಾಂ ಪ್ರೋಟೀನ್. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್. ಅಂದರೆ ಒಂದೇ ಒಂದು ಮೊಟ್ಟೆ ಇಟ್ಟರೆ ತಟ್ಟೆಯ ಪ್ರೋಟೀನು ಒಂದೂವರೆ ಪಟ್ಟು. ಈ ಕಡೆ, ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಮಕ್ಕಳ ಎತ್ತರ ವಯಸ್ಸಿಗೆ ತಕ್ಕಂತೆ ಇಲ್ಲ, 65 ಮಕ್ಕಳಿಗೆ ರಕ್ತಹೀನತೆ. ಇದು ನನ್ನ ಮಾತಲ್ಲ, ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಕರ್ನಾಟಕದ ಬಗ್ಗೆ ಹೇಳಿದ್ದು. ತಮಿಳುನಾಡಿನಲ್ಲಿ 1989ರಲ್ಲೇ ಹದಿನೈದು ದಿನಕ್ಕೊಂದು ಮೊಟ್ಟೆ ಶುರುವಾಗಿ, 2010ರ ಹೊತ್ತಿಗೆ ವಾರಕ್ಕೆ ಐದಾಗಿತ್ತು. ಹೊಸೂರಿನ ಮಗು ಎಂದೋ ತಿಂದ ಮೊಟ್ಟೆ ಹೊಸಕೋಟೆಯ ಮಗುವಿಗೆ ಬರೋಕೆ ಇಷ್ಟು ವರ್ಷ ಬೇಕಾಯ್ತು.

2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಷನ್ ಜೊತೆ ಒಪ್ಪಂದ ಆಗಿ ವಾರಕ್ಕೆ ಆರು ದಿನ ಮೊಟ್ಟೆ ಆಯ್ತು. ಎರಡು ದಿನದ್ದು ಸರ್ಕಾರದ್ದು, ನಾಲ್ಕು ದಿನದ್ದು ಫೌಂಡೇಷನ್ನಿನದು. ಒಳ್ಳೆಯ ಕೆಲಸ, ಮನಸಾರೆ ಹೇಳ್ತೀನಿ. ಆದರೆ ಒಪ್ಪಂದ ಮೂರು ವರ್ಷದ್ದು. ಆಮೇಲೆ? ಋಣ ಬೇರೆ, ಹಕ್ಕು ಬೇರೆ ಅಂದದ್ದು ಇದಕ್ಕೇ. ಆ ನಾಲ್ಕು ದಿನವನ್ನೂ ಸರ್ಕಾರ ತನ್ನ ಬಜೆಟ್ಟಿನಲ್ಲೇ ಬರೆದುಕೊಳ್ಳಬೇಕು ಅಂತ ಈಗಿನಿಂದಲೇ ಕೇಳಬೇಕು.

ಹಾಗಾಗಿ ಈಗ ನಮ್ಮ ಮನೆಯ ಸ್ಥಿತಿ ನೋಡಿ. ತಮ್ಮನ ಮಗ ಸರ್ಕಾರಿ ಶಾಲೆಯಲ್ಲಿ ದಿನಾ ಮೊಟ್ಟೆ ತಿಂತಾನೆ. ನನ್ನ ಮಗಳು ಫೀಸು ಕಟ್ಟಿ ಓದೋ ಶಾಲೆಯಲ್ಲಿ ಮೊಟ್ಟೆ ಒಯ್ಯುವಂತಿಲ್ಲ. ನಾನು ಹೋಗಿ ಕೇಳಿದೆ. ಯಾವ ನಿಯಮದಲ್ಲಿದೆ, ಬರವಣಿಗೆಯಲ್ಲಿ ಕೊಡಿ ಅಂದೆ. ಕೊಡಲಿಲ್ಲ. ‘ಬೇರೆ ಪೇರೆಂಟ್ಸ್‌ಗೆ ವಾಸನೆ ಆಗಲ್ಲ ಮೇಡಂ’ ಅಂದರು. ಪೇರೆಂಟ್ಸು ಕ್ಲಾಸಲ್ಲಿ ಎಲ್ಲಿ ಕೂರ್ತಾರೆ? ವಾರ ಬಿಟ್ಟು, ತರೋರು ತರಲಿ, ಬೇರೆ ಕೂತು ತಿನ್ನಲಿ ಅಂತ ಆಯ್ತು. ಈಗ ಆರನೇ ಕ್ಲಾಸಿನ ನಾಲ್ಕು ಮಕ್ಕಳು ವರಾಂಡದ ಕೊನೆಯಲ್ಲಿ ಕೂತು ಮೊಟ್ಟೆ ತಿಂತಾರೆ. ಅವ್ವನ ಜಗಲಿ ಅಂಚಿಗೂ ಈ ವರಾಂಡಕ್ಕೂ ನಡುವೆ ಅರವತ್ತು ವರ್ಷ. ಆ ನಾಲ್ವರಲ್ಲಿ ಇಬ್ಬರು ನಮ್ಮವರು, ಒಬ್ಬ ಮುಸ್ಲಿಂ ಹುಡುಗ, ಇನ್ನೊಂದು ಗೌಡರ ಮಗು. ಗೌಡರ ಮಗು ಬಂದು ಕೂತದ್ದು ನನಗೆ ಖುಷಿ ಕೊಟ್ಟಿದೆ. ನಾವು ನಾಲ್ಕೂ ಮನೆಯವರು ಸೇರಿ ಬಿಇಓ ಕಚೇರಿಗೆ ಅರ್ಜಿ ಕೊಟ್ಟಿದ್ದೀವಿ, ಸ್ವೀಕೃತಿ ನನ್ನ ಹತ್ತಿರ ಇದೆ.

ಇನ್ನು ಆ ಚೀಟಿಯ ‘ಮಿಲೆಟ್ ಐಟಂ’. ನನಗೆ ತುಂಬಾ ನಗು ಬಂದದ್ದು ಅಲ್ಲೇ. ರಾಗಿ ಇಟ್ಟು ತಿಂತೀವಿ ಅಂತ ನಮ್ಮನ್ನ ಹೀಯಾಳಿಸಿದ ಕಾಲ ನನಗೇ ನೆನಪಿದೆ. ಅನ್ನ ಅಂದರೆ ಹಬ್ಬ, ಇಟ್ಟು ಅಂದರೆ ಬಡವರದ್ದು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯದ ವರ್ಷ ಅಂತ ಮಾಡಿದ ಮೇಲೆ ಅದೇ ರಾಗಿ ಮಾಲ್‌ನಲ್ಲಿ ಬಣ್ಣದ ಪೊಟ್ಟಣ ಸೇರಿ ದುಬಾರಿ ಆಯ್ತು. ರಾಗಿ ನಾಡಿನ ಶಾಲೆಯಲ್ಲಿ ಇಪ್ಪತ್ತು ವರ್ಷ ಅಕ್ಕಿಯನ್ನೇ ಬೇಯಿಸಿದರು, ಗೋದಾಮಿನಿಂದ ಬರೋದು ಅದೇ ಅಂತ. ಹಾಲಿನ ಜೊತೆ ರಾಗಿ ಮಾಲ್ಟ್ ಬಂದದ್ದು 2024ರ ಫೆಬ್ರವರಿಯಲ್ಲಿ, ಅದೂ ಒಂದು ಟ್ರಸ್ಟಿನ ಸಹಾಯದಲ್ಲಿ. ರಾಗಿ ಬೆಳೆಯೋ ನೆಲದ ಕಥೆ ಗೊತ್ತೇ ಇದೆ. ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯಲ್ಲಿ 13 ಹಳ್ಳಿಯ 1,777 ಎಕರೆ ಉಳಿಸಿಕೊಳ್ಳೋಕೆ ಜನ ಮೂರು ವರ್ಷ ಧರಣಿ ಕೂರಬೇಕಾಯ್ತು, 2025ರ ಜುಲೈನಲ್ಲಿ ಸರ್ಕಾರ ಕೈಬಿಟ್ಟಿತು. ರಾಗಿ, ಅವರೆ, ಹುರುಳಿ ಬೆಳೆಯೋ ಹೊಲ ಉಳಿದರೆ ತಾನೆ ಮಕ್ಕಳ ಡಬ್ಬಿಗೆ ವೈವಿಧ್ಯ.

ಮುದ್ದೆಗೆ ಡಬ್ಬಿ ಒಗ್ಗಲ್ಲ ಅನ್ನೋದು ನಿಜ. ತಣ್ಣಗಾದರೆ ಮೇಲೆ ಸಿಪ್ಪೆ ಕಟ್ಟುತ್ತೆ, ಸ್ಪೂನಿಗೆ ಬರಲ್ಲ, ನುಂಗೋ ಊಟವನ್ನ ಅಗಿಯೋ ಮಕ್ಕಳ ನಡುವೆ ಕೂತು ತಿನ್ನೋಕೆ ಮಗುವಿಗೆ ನಾಚಿಕೆ. ಸ್ಟೀಲಿನ ಟಿಫನ್ ಬಾಕ್ಸೇ ಚಪಾತಿ ಅನ್ನದವರಿಗೆ ಮಾಡಿದ್ದು. ಆದರೆ ರಾಗಿ ರೊಟ್ಟಿ ಒಗ್ಗುತ್ತೆ. ಕುದಿಯೋ ನೀರಲ್ಲಿ ಹಿಟ್ಟು ಕಲಸಿ, ಈರುಳ್ಳಿ ನುಗ್ಗೆಸೊಪ್ಪು ಹಾಕಿ ತೆಳ್ಳಗೆ ತಟ್ಟಿ, ಬಿಸಿ ಇರುವಾಗಲೇ ಬಟ್ಟೆಯಲ್ಲಿ ಸುತ್ತಿಟ್ಟರೆ ಮಧ್ಯಾಹ್ನದವರೆಗೂ ಮೆತ್ತಗೆ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ಅದರ ಹತ್ತನೇ ಒಂದು ಪಾಲೂ ಇಲ್ಲ. ನಾನು ಮಗಳಿಗೆ ಒಂದು ದಿನ ಹೀಗೆ ರೊಟ್ಟಿ, ಒಂದು ದಿನ ಹುರುಳಿ ಮೊಳಕೆ ಗೊಜ್ಜು ಅನ್ನ, ಚಳಿಗಾಲ ಬಂದರೆ ಅವರೆಕಾಳು ಉಪ್ಪಿಟ್ಟು, ಬೆರಕೆ ಸೊಪ್ಪಿನ ಬಸ್ಸಾರು ಮಾಡಿದ ದಿನ ಅದರ ಪಲ್ಯ. ಮೂಲೆಯಲ್ಲಿ ಯಾವಾಗಲೂ ಒಂದು ಹಿಡಿ ಹುರಿದ ಕಡ್ಲೆಕಾಯಿ ಬೀಜ, ಒಂಚೂರು ಬೆಲ್ಲ. ಜೊತೆಗೆ ಸೀಬೆಹಣ್ಣೋ ನೆಲ್ಲಿಕಾಯಿಯೋ, ಸಿಕ್ಕರೆ ದೇವನಹಳ್ಳಿ ಚಕ್ಕೋತದ ಎರಡು ತೊಳೆ. ಹುಳಿ ಹಣ್ಣು ಇದ್ದರೆ ಸೊಪ್ಪು ಕಾಳಿನ ಕಬ್ಬಿಣದಂಶ ಮೈಗೆ ಚೆನ್ನಾಗಿ ಹತ್ತುತ್ತೆ. ಇದನ್ನ ನಮ್ಮಜ್ಜಿ ಹೇಳಲಿಲ್ಲ, ಆದರೆ ಸೊಪ್ಪಿನ ಸಾರಿಗೆ ಹುಣಸೆಹುಳಿ ಕಿವುಚದೆ ಬಿಟ್ಟವಳಲ್ಲ.

ಇಷ್ಟೆಲ್ಲ ಬರೆಯೋದು ಸುಲಭ. ಬೆಳಿಗ್ಗೆ ಐದೂವರೆಗೆ ಎದ್ದು, ಏಳಕ್ಕೆಲ್ಲ ಅಪಾರೆಲ್ ಪಾರ್ಕಿನ ಗಾರ್ಮೆಂಟ್ಸ್ ವ್ಯಾನು ಹಿಡಿಯೋ ನಮ್ಮ ಕೇರಿಯ ತಾಯಂದಿರಿಗೆ ಆರು ದಿನಕ್ಕೆ ಆರು ಥರ ಡಬ್ಬಿ ಕಟ್ಟಿ ಅಂತ ಚೀಟಿ ಕೊಡೋದು ದಬ್ಬಾಳಿಕೆ. ಆ ಚೀಟಿ ಬರೆದವರ ಮನೆಯಲ್ಲಿ ಅಡುಗೆಗೆ ನಮ್ಮವಳೇ ಒಬ್ಬಳು ಹೋಗ್ತಿರಬಹುದು, ಯಾರಿಗೆ ಗೊತ್ತು. ಅದಕ್ಕೇ ಖಾಸಗಿ ಶಾಲೆಗೆ ಮಗುವನ್ನ ಹಾಕಿದ ನಾನೇ ಹೇಳ್ತೀನಿ, ಡಬ್ಬಿಗಿಂತ ಬಿಸಿಯೂಟ ದೊಡ್ಡದು. ಡಬ್ಬಿಯಲ್ಲಿ ಪ್ರತಿ ಮನೆಯ ಬಡತನ ಬೇರೆ ಬೇರೆಯಾಗಿ ಕಾಣುತ್ತೆ, ಬಿಸಿಯೂಟದಲ್ಲಿ ಎಲ್ಲರ ತಟ್ಟೆಗೂ ಒಂದೇ ಪಾತ್ರೆಯಿಂದ ಬೀಳುತ್ತೆ. 2024ರ ಡಿಸೆಂಬರ್‌ನಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನದಲ್ಲಿ ಬಾಡೂಟ ಕೇಳಿದಾಗ, ಊಟಕ್ಕೂ ಸಾಹಿತ್ಯಕ್ಕೂ ಏನು ಸಂಬಂಧ ಅಂದವರಿದ್ದರು. ಕೊನೆಗೆ ಮೊಟ್ಟೆಯಾದರೂ ಬಡಿಸಿದರು. ದೊಡ್ಡವರು ಪೆಂಡಾಲಿನಲ್ಲಿ ಕೇಳಿದ್ದನ್ನೇ ಮಕ್ಕಳು ಶಾಲೆಯಲ್ಲಿ ದಿನಾ ಕೇಳ್ತಿದ್ದಾರೆ.

ಈಗ ಕೆಲಸದ ಮಾತು. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ನಮ್ಮ ಗೆಳೆಯರು ನಿಮ್ಮೂರಿನ ಸರ್ಕಾರಿ ಶಾಲೆಯ ಎಸ್‌ಡಿಎಂಸಿಯಲ್ಲಿ ಯಾರಿದ್ದಾರೆ ನೋಡಿ. ನಮ್ಮ ತಾಯಂದಿರು ಇಲ್ಲದಿದ್ದರೆ ಮುಂದಿನ ಸಲ ಇರೋ ಹಾಗೆ ಮಾಡಿ. ಇದ್ದರೆ ಮಧ್ಯಾಹ್ನ ಹೊತ್ತಿಗೆ ಸರಿಯಾಗಿ ಹೋಗಿ. ಅಡುಗೆಯವರ ನೇಮಕದಲ್ಲಿ 2004ರ ಆದೇಶ ಪಾಲಿಸಿದ್ದಾರಾ ಕೇಳಿ. ಊಟ ರುಚಿ ನೋಡಿದ ಶಿಕ್ಷಕರು ಪುಸ್ತಕದಲ್ಲಿ ಬರೆದಿದ್ದಾರಾ ನೋಡಿ. ಮೊಟ್ಟೆ ತಿನ್ನೋ ಮಕ್ಕಳನ್ನ ಬೇರೆ ಸಾಲಿನಲ್ಲಿ ಕೂರಿಸಿದ್ದರೆ ಅಲ್ಲೇ ನಿಲ್ಲಿಸಿ. ಅಡುಗೆ ಮಾಡೋ ಅಕ್ಕಂದಿರ ಮೇಲೆ ಮಾತ್ರ ರೇಗಬೇಡಿ. ಅವರಿಗೆ ಸಿಗೋ ಪುಡಿಗಾಸಿಗೆ ಸಂಬಳ ಅನ್ನೋ ಹೆಸರೂ ಇಲ್ಲ, ಗೌರವಧನ ಅಂತಾರೆ. ಅವರ ಜೊತೆ ಕೂತು ಒಂದು ತುತ್ತು ಊಟ ಮಾಡಿ, ಆಮೇಲೆ ಲೆಕ್ಕ ಕೇಳಿ. ಲೆಕ್ಕ ಸುಲಭ ಇದೆ, ಚೀಟಿಯಲ್ಲಿ ಬರೆದುಕೊಂಡು ಹೋಗಿ. ಒಂದರಿಂದ ಐದನೇ ಕ್ಲಾಸಿನ ನೂರು ಮಕ್ಕಳು ಹಾಜರಿದ್ದರೆ ಆ ದಿನ 10 ಕೆಜಿ ಅಕ್ಕಿ, 2 ಕೆಜಿ ಬೇಳೆ, 5 ಕೆಜಿ ತರಕಾರಿ, ಅರ್ಧ ಕೆಜಿ ಎಣ್ಣೆ ಒಲೆ ಹತ್ತಿರ ಇರಬೇಕು.

ಜೈಭೀಮ್.